ಐದೂವರೆ ನೋವು

ಈ ಎಲ್ಲ ರಾಮಾಯಣಕ್ಕೂ ಕಾರಣ ಅರ್ಧ ಮಾರ್ಕು.

ಸಂಜೀವಯ್ಯ ಮೇಷ್ಟ್ರು ಮಧುಗಿರಿ ಸುತ್ತಮುತ್ತಲ ಹೈಸ್ಕೂಲುಗಳಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅಷ್ಟು ವರ್ಷಗಳಲ್ಲಿ ಒಬ್ಬರಿಗೂ ಅರ್ಧ ಮಾರ್ಕು ಹೆಚ್ಚಿಗೆ ಕೊಟ್ಟವರಲ್ಲ. ಲೆಕ್ಕವೆಲ್ಲ ಸರಿಯಿದ್ದು ಉತ್ತರದ ಮುಂದೆ 'ಮೀಟರ್' ಅಂತ ಬರೆಯದಿದ್ದರೆ ಅರ್ಧ ಕಟ್. ಒಟ್ಟು ಕೂಡಿಸಿದಾಗ ಅರ್ಧ ಉಳಿದರೆ ಅದನ್ನು ಮೇಲಕ್ಕೇರಿಸುವ ಧಾರಾಳಿ ಮೇಷ್ಟ್ರುಗಳು ಬೇರೆ ಇದ್ದರು. ಇವರು ಕೆಳಕ್ಕಿಳಿಸುವ ಪೈಕಿ. "ಅರ್ಧ ಅಂದ್ರೇನು? ಇನ್ನೂ ಒಂದಾಗಿಲ್ಲ ಅಂತ ತಾನೇ?" ಅನ್ನುವುದು ಅವರ ವಾದ. ಜಗಳಕ್ಕೆ ಬಂದ ಅಪ್ಪಅಮ್ಮಂದಿರು ಈ ವಾದ ಕೇಳಿ ವಾಪಸು ಹೋಗುತ್ತಿದ್ದರು.

ಇಂಥ ಮೇಷ್ಟ್ರಿಗೆ ಎಂಟು ತಿಂಗಳಿಂದ ಸೊಂಟ ನೋವು. ಎಣ್ಣೆ ತಿಕ್ಕಿದ್ದಾಯಿತು, ಮುಲಾಮು ಹಚ್ಚಿದ್ದಾಯಿತು, ಬೆಲ್ಟು ಕಟ್ಟಿದ್ದಾಯಿತು, ತುಮಕೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದ್ದೂ ಆಯಿತು. ಮೂಳೆ ಸರಿಯಾಗಿದೆ, ನರ ಸರಿಯಾಗಿದೆ, ಎಲ್ಲವೂ ಸರಿಯಾಗಿದೆ ಅಂತ ರಿಪೋರ್ಟು ಬಂತು. ಮೇಷ್ಟ್ರು ಆ ರಿಪೋರ್ಟನ್ನು ಮಂಚದ ಮೇಲೆ ಬೋರಲು ಮಲಗಿಕೊಂಡೇ ಓದಬೇಕಾಯಿತು.

ನೋವೊಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರು. ಇನ್ನು ಹದಿನಾರು ದಿನಕ್ಕೆ ಮಗಳು ಬಿಂದುಶ್ರೀಯ ಮದುವೆ, ಗೊರವನಹಳ್ಳಿಯಲ್ಲಿ. ಧಾರೆ ಎರೆಯುವ ಅಪ್ಪ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಒಂದೂವರೆ ಗಂಟೆ ಕೂತಿರಬೇಕು. ಮೇಷ್ಟ್ರಿಗೆ ಒಂದೂವರೆ ನಿಮಿಷ ಕೂರಲು ಆಗುತ್ತಿರಲಿಲ್ಲ. ಸಿರಾದಲ್ಲಿದ್ದ ತಮ್ಮ ದಾಸಯ್ಯನಿಗೆ ಈ ಸುದ್ದಿ ಮುಟ್ಟಿತು. "ಅಣ್ಣ, ನೀನು ಆರಾಮಾಗಿ ಚೇರ್ ಮೇಲೆ ಕೂತ್ಕೊ, ಧಾರೆ ನಾನೇ ಎರೀತೀನಿ" ಅಂತ ಫೋನ್ ಮಾಡಿದ್ದಲ್ಲದೆ ಅವನು ಆಗಲೇ ರೇಷ್ಮೆ ಪಂಚೆಯನ್ನೂ ಕೊಂಡುಕೊಂಡುಬಿಟ್ಟಿದ್ದ. ಮಗಳು ಮಾತ್ರ ಅಪ್ಪನ ಕೈ ಹಿಡಿದು, "ನೀನೇ ಎರೀಬೇಕು ಅಪ್ಪ" ಅಂದಿದ್ದಳು.

ಆ ಗುರುವಾರ ಬೆಳಗ್ಗೆ ಪಕ್ಕದ ಮನೆಯ ಚೌಡಯ್ಯ ಕಾಂಪೌಂಡಿನ ಆಚೆಯಿಂದಲೇ ಕೂಗಿದ. ಚೌಡಯ್ಯ ಪಾವಗಡದ ರೂಟಿನಲ್ಲಿ ಇಪ್ಪತ್ತೈದು ವರ್ಷ ಪ್ರೈವೇಟ್ ಬಸ್ಸು ಓಡಿಸಿ ಈಗ ಮನೆಯಲ್ಲಿದ್ದವನು. ಸ್ಟೇರಿಂಗ್ ಬಿಟ್ಟ ಮೇಲೆ ಊರಿನವರ ಬದುಕನ್ನೆಲ್ಲ ಅವನೇ ಓಡಿಸುತ್ತಿದ್ದ.

"ಮೇಷ್ಟ್ರೇ, ಕೇಳಿದ್ರಾ? ಬೆಂಗ್ಳೂರಿಂದ ಡಾಕ್ಟ್ರು ಬಂದವ್ರೆ. ತಲೆಗೆ ಒಂದು ಟೋಪಿ ಹಾಕಿ ಕರೆಂಟ್ ಬುಡ್ತಾರಂತೆ. ಕುಯ್ಯಂಗಿಲ್ಲ, ಚುಚ್ಚಂಗಿಲ್ಲ, ನೋವು ಹೋಯ್ತದಂತೆ. ಹೆಸ್ರು ಬರ್ಸಕ್ಕೆ ಇವತ್ತೇ ಕೊನೆ, ನಾಲ್ಕು ಗಂಟೆಗಂಟ."

"ಸೊಂಟ ನೋವಿಗೆ ತಲೆಗ್ಯಾಕೆ ಕರೆಂಟು?" ಅಂತ ಮೇಷ್ಟ್ರ ಹೆಂಡತಿ ರಾಜಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಇರೋ ಬುದ್ಧೀನೂ ಸುಟ್ಟೋದ್ರೆ ಯಾರು ಜವಾಬ್ದಾರಿ?"

"ಅದೇನು ಲೈನ್ ಕರೆಂಟ್ ಅಲ್ಲ ಕಣಮ್ಮ, ಬ್ಯಾಟ್ರಿದು" ಅಂದ ಚೌಡಯ್ಯ. ಎದುರು ಮನೆಯ ತಿಮ್ಮರಾಜು ಆಗಲೇ ತನ್ನ ಲಗೇಜ್ ಆಟೋ ಸ್ಟಾರ್ಟ್ ಮಾಡಿದ್ದ. ಮೇಷ್ಟ್ರು ಬೇಡ ಅನ್ನುವಷ್ಟರಲ್ಲಿ ಆಟೋ ಆಸ್ಪತ್ರೆ ಮುಟ್ಟಿತು.

ಅದೊಂದು ಪುಟ್ಟ ಖಾಸಗಿ ಆಸ್ಪತ್ರೆ. ಮಹಡಿಯ ಹಾಲಿನಲ್ಲಿ ಡಾಕ್ಟರ್ ಸಹನಾ ಕೂತಿದ್ದರು. ವಯಸ್ಸು ಮೂವತ್ತರ ಆಚೀಚೆ, ಮಾತು ನಿಧಾನ. ಮೇಷ್ಟ್ರ ಸ್ಕ್ಯಾನಿಂಗ್ ರಿಪೋರ್ಟು ನೋಡಿ ನಕ್ಕರು.

"ಸಾರ್, ಸೊಂಟ ಸುದ್ದಿ ಕಳಿಸುತ್ತೆ ಅಷ್ಟೇ. ಅದನ್ನ ಎಷ್ಟು ಜೋರಾಗಿ ಕೂಗಬೇಕು ಅಂತ ತೀರ್ಮಾನ ಮಾಡೋದು ಮೆದುಳು. ನಿಮ್ಮ ಸೊಂಟ ಯಾವತ್ತೋ ಸುಮ್ಮನಾಗಿದೆ. ಮೆದುಳು ಇನ್ನೂ ಮೈಕ್ ಹಿಡ್ಕೊಂಡು ಕೂಗ್ತಾ ಇದೆ. ನಾವು ಸಣ್ಣ ಕರೆಂಟ್ ಕೊಟ್ಟು ಆ ಮೈಕಿನ ಸೌಂಡ್ ಇಳಿಸೋಕೆ ನೋಡ್ತೀವಿ. ಎಲ್ಲರಿಗೂ ಆಗುತ್ತೆ ಅಂತ ಗ್ಯಾರಂಟಿ ಇಲ್ಲ. ಇದಿನ್ನೂ ಪರೀಕ್ಷೆ."

ಪರೀಕ್ಷೆ ಅನ್ನುವ ಮಾತು ಕೇಳಿ ಮೇಷ್ಟ್ರಿಗೆ ತವರಿಗೆ ಬಂದಷ್ಟು ಖುಷಿಯಾಯಿತು.

"ಮೊದಲು ನಿಮ್ಮ ನೋವಿಗೆ ನೀವೇ ನಂಬರ್ ಹೇಳ್ಬೇಕು. ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ಇದಕ್ಕಿಂತ ದೊಡ್ಡ ನೋವು ಲೋಕದಲ್ಲೇ ಇಲ್ಲ. ಆರು ಅಥವಾ ಅದಕ್ಕಿಂತ ಮೇಲಿದ್ದವರನ್ನ ಮಾತ್ರ ತಗೋತೀವಿ."

ನಂಬರು ಬರೆದುಕೊಳ್ಳಲು ಪಕ್ಕದಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದವನು ರೇಣುಕಪ್ರಸಾದ್. ಅವನನ್ನು ಕಂಡು ಮೇಷ್ಟ್ರಿಗೆ ಎಲ್ಲೋ ನೋಡಿದ ಹಾಗಾಯಿತು. ಮೇಷ್ಟ್ರನ್ನು ಕಂಡು ಅವನಿಗೆ ಎಲ್ಲವೂ ನೆನಪಾಯಿತು. ಒಂಬತ್ತನೇ ಕ್ಲಾಸಿನಲ್ಲಿ ಮೂವತ್ತನಾಲ್ಕೂವರೆ ಬಂದಿದ್ದನ್ನು ಮೂವತ್ತನಾಲ್ಕಕ್ಕೆ ಇಳಿಸಿ ಅವನನ್ನು ಇನ್ನೊಂದು ವರ್ಷ ಕೂರಿಸಿದ ಪುಣ್ಯಾತ್ಮರು ಇವರೇ.

ಸಾಲಿನಲ್ಲಿ ಮೇಷ್ಟ್ರಿಗಿಂತ ಮುಂದೆ ಮಿಡಿಗೇಶಿಯ ಒಂದು ಅಜ್ಜಿ ಇತ್ತು. "ಎಷ್ಟಜ್ಜಿ, ಹತ್ತಕ್ಕೆ?" ಅಂತ ರೇಣುಕಪ್ರಸಾದ್ ಕೇಳಿದರೆ, "ಹನ್ನೆರಡು ಬರ್ಕೋ ಮಗ" ಅಂದಿತು. ಅದರ ಹಿಂದಿನವನು "ಹತ್ತಕ್ಕೆ ಹತ್ತು" ಅಂದು ಬೀಡಿ ಕಟ್ಟು ಹುಡುಕುತ್ತಾ ಆರಾಮಾಗಿ ನಡೆದುಹೋದ. ಈ ಮೌಲ್ಯಮಾಪನ ನೋಡಿ ಮೇಷ್ಟ್ರು ಕೆಂಪು ಪೆನ್ನಿಗೆ ಜೇಬು ತಡಕಿದರು.

ಅವರ ಸರದಿ ಬಂತು. ಮೇಷ್ಟ್ರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು. ಕೂತಾಗ ಏಳು. ನಿಂತಾಗ ಆರು. ನಡೆಯುವಾಗ ಐದು. ಮಲಗಿದಾಗ ನಾಲ್ಕು. ಒಟ್ಟು ಇಪ್ಪತ್ತೆರಡು, ಭಾಗಿಸು ನಾಲ್ಕು.

"ಐದೂವರೆ."

"ಆರು ಅಂತ ಹಾಕ್ಲಾ ಸಾ? ಇದ್ರಲ್ಲಿ ಅರ್ಧ ಇಲ್ಲ."

"ಆರು ಹೆಂಗಪ್ಪ ಆಗುತ್ತೆ? ಅರ್ಧ ಬಂದ್ರೆ ಕೆಳಕ್ಕಿಳಿಸ್ಬೇಕು. ಐದು ಬರಿ."

"ಸಾ, ಐದು ಹಾಕಿದ್ರೆ ನೀವು ಫೇಲಾಯ್ತೀರ."

"ಆಗ್ಲಿ. ನೋವಿಗೆ ಗ್ರೇಸ್ ಮಾರ್ಕು ಕೊಡೋಕೆ ನಾನ್ಯಾರು?"

ರೇಣುಕಪ್ರಸಾದ್ ಡಾಕ್ಟರ ಮುಖ ನೋಡಿದ. ಅರ್ಧ ಬಂದರೆ ಏನು ಮಾಡಬೇಕು ಅಂತ ಡಾಕ್ಟರ ಪುಸ್ತಕದಲ್ಲೂ ಬರೆದಿರಲಿಲ್ಲ. ಮೇಷ್ಟ್ರೇ ಬೋರ್ಡಿನ ಮುಂದೆ ನಿಂತವರ ಹಾಗೆ, ಅರ್ಧವನ್ನು ಯಾಕೆ ಕೆಳಕ್ಕಿಳಿಸಬೇಕು ಅಂತ ಹತ್ತು ನಿಮಿಷ ವಿವರಿಸಿದರು. ಡಾಕ್ಟರು ತಲೆದೂಗುತ್ತಾ ಕೇಳಿಸಿಕೊಂಡು ಏನೋ ಗುರುತು ಹಾಕಿಕೊಂಡರು. ಐದು ಅಂತ ದಾಖಲಾಯಿತು. ನಾಲ್ಕು ಗಂಟೆಯೊಳಗೆ ನೋವು ಜಾಸ್ತಿಯಾದರೆ ಇನ್ನೊಮ್ಮೆ ಬರಬಹುದು ಅಂತ ಹೇಳಿ ಕಳಿಸಿದರು.

ಕೆಳಗೆ ಕಾಯುತ್ತಿದ್ದ ರಾಜಲಕ್ಷ್ಮಮ್ಮನಿಗೆ ವಿಷಯ ತಿಳಿದಾಗ ಮೈಯೆಲ್ಲ ಉರಿದುಹೋಯಿತು.

"ರಾತ್ರಿಯೆಲ್ಲ ಅಯ್ಯೋ ಅಮ್ಮಾ ಅಂತ ನರಳ್ತೀರಲ್ಲ, ಅದು ಐದೇನ್ರೀ? ಅರ್ಧ ಮಾರ್ಕಿಗೋಸ್ಕರ ಮಗಳ ಧಾರೇನ ತಮ್ಮನ ಕೈಗೆ ಕೊಡ್ತೀರಾ?"

ಮೇಷ್ಟ್ರಿಗೂ ಸಂಕಟವಾಯಿತು. ಮಹಡಿ ಹತ್ತಿ ಆರು ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಮೂವತ್ತಮೂರು ವರ್ಷ ಮಕ್ಕಳಿಗೆ ಕೊಡದಿದ್ದುದನ್ನು ಈಗ ತಮಗೆ ತಾವೇ ಕೊಟ್ಟುಕೊಳ್ಳುವುದು ಅವರಿಂದಾಗದು.

"ಸುಳ್ಳು ಹೇಳದು ಬ್ಯಾಡ ಬುಡಿ" ಅಂದ ಚೌಡಯ್ಯ. "ಮೇಷ್ಟ್ರು ಸುಳ್ಳು ಹೇಳಕ್ಕಿಲ್ಲ ಅಂದ್ರೆ ನೋವೇ ಆರಾಗ್ಲಿ. ತಿಮ್ಮರಾಜು, ನಿನ್ ಗಾಡಿ ಸ್ಪ್ರಿಂಗು ಎಂಗೈತೆ?"

"ಸ್ಪ್ರಿಂಗು ಎಲ್ಲೈತಣ್ಣ? ಮುರಿದು ಮೂರು ತಿಂಗ್ಳಾಯ್ತು" ಅಂದ ತಿಮ್ಮರಾಜು ಹೆಮ್ಮೆಯಿಂದ.

ಮೇಷ್ಟ್ರನ್ನು ಆಟೋದ ಹಿಂದೆ ಸಾಮಾನು ತುಂಬುವ ತೊಟ್ಟಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ರಾಜಲಕ್ಷ್ಮಮ್ಮ, ಎದುರಿಗೆ ಚೌಡಯ್ಯ. ಯಾವ ರಸ್ತೆಯಲ್ಲಿ ಎಷ್ಟು ಗುಂಡಿಗಳಿವೆ, ಯಾವ ರೋಡ್ ಹಂಪು ಎಷ್ಟೆತ್ತರ ಅನ್ನುವುದು ಚೌಡಯ್ಯನಿಗೆ ಬಾಯಿಪಾಠ. ಒಂದು ಕಾಲದಲ್ಲಿ ಅವನ್ನು ತಪ್ಪಿಸಲು ಕಲಿತದ್ದು, ಈಗ ಹುಡುಕಿಕೊಂಡು ಹೋಗಲು ಉಪಯೋಗಕ್ಕೆ ಬಂತು. ಮಿಡಿಗೇಶಿ ಕಡೆಗೆ ಹೊರಟ ಗಾಡಿ ಊರ ಹೊರಗಿನ ಮೊದಲ ಹಂಪಿಗೆ ಹಾರಿತು.

"ಎಷ್ಟು?" ಅಂತ ಚೌಡಯ್ಯ ಕೇಳಿದ.

"ಐದೂ... ಅಯ್ಯಪ್ಪಾ... ಐದೂಮುಕ್ಕಾಲು."

"ಹೊಡಿ ತಿಮ್ಮರಾಜು!"

ಎರಡನೆಯ ಹಂಪಿಗೆ ಐದೂಮುಕ್ಕಾಲೇ ಉಳಿಯಿತು. ಮೂರನೆಯದಕ್ಕೆ ಮೇಷ್ಟ್ರ ಕನ್ನಡಕ ಹಾರಿ ರಾಜಲಕ್ಷ್ಮಮ್ಮನ ಮಡಿಲಿಗೆ ಬಿತ್ತು, ಮಾರ್ಕು ಮಾತ್ರ ಹಾಗೇ ಇತ್ತು. "ಏನ್ ಕಠಿಣ ಮನುಷ್ಯ ಸ್ವಾಮಿ!" ಅಂತ ತಿಮ್ಮರಾಜು ಹ್ಯಾಂಡಲಿಗೆ ಹಣೆ ಚಚ್ಚಿಕೊಂಡ. ಎದುರಿಗೆ ಬರುತ್ತಿದ್ದ ಬೈಕಿನವರೆಲ್ಲ ಮೇಷ್ಟ್ರ ನರಳಾಟ ಕೇಳಿ ದಾರಿ ಬಿಟ್ಟರು. ಒಬ್ಬ ಹಿಂದೆಯೇ ಬಂದು, "ಆಸ್ಪತ್ರೆ ಆ ಕಡೆಗೈತೆ ಕಣ್ರೋ, ಇಂಗ್ಯಾಕೆ ಒಯ್ತೀರಾ?" ಅಂತ ಕೂಗಿದ.

ದಾರಿಯಲ್ಲಿ ಟೀ ಅಂಗಡಿ ಕಂಡು ಗಾಡಿ ನಿಲ್ಲಿಸಿದ್ದೇ ತಪ್ಪಾಯಿತು. ಮೇಷ್ಟ್ರು ಸೊಂಟ ಹಿಡಿದುಕೊಂಡು ಇಳಿದದ್ದನ್ನು ಅಲ್ಲಿ ಕೂತಿದ್ದ ಕುರಿ ಕಾಯುವ ಮುದುಕ ನೋಡಿದ. ಒಂದು ಮಾತೂ ಆಡದೆ ಎದ್ದು ಬಂದು, ಮೇಷ್ಟ್ರನ್ನು ಕಟ್ಟೆಯ ಮೇಲೆ ಬೋರಲು ಮಲಗಿಸಿ, ಎರಡು ಹೆಬ್ಬೆರಳಿನಿಂದ ಸೊಂಟ ಒತ್ತಿದ. ಮೇಷ್ಟ್ರ ಬಾಯಿಂದ "ಹಾ..." ಅಂತ ಸುಖದ ಉಸಿರು ಹೊರಟಿತು. ಆ ಸದ್ದು ಕೇಳಿ ತಿಮ್ಮರಾಜು ಟೀ ಲೋಟ ಬಿಟ್ಟು ಓಡಿ ಬಂದ.

"ಏಯ್, ಬುಡೋ ತಾತ! ಯಾರಯ್ಯ ನಿಂಗೆ ನೋವು ಕಮ್ಮಿ ಮಾಡು ಅಂದೋರು?"

"ನೋಯ್ತಿತ್ತಲ್ಲಪ್ಪ..."

"ಬೆಳಗ್ಗಿಂದ ಕಷ್ಟಪಟ್ಟು ಏರ್ಸಿದ್ದು ಕಣಯ್ಯ ಅದು! ಮೇಷ್ಟ್ರೇ, ಈಗೆಷ್ಟು?"

ಮೇಷ್ಟ್ರು ಅಳುಕುತ್ತಾ ಹೇಳಿದರು. "ನಾಲ್ಕೂಮುಕ್ಕಾಲು."

ರಾಜಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಗಂಟೆ ಎರಡೂವರೆ ದಾಟಿತ್ತು. ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡ ಮುದುಕ ಗಲ್ಲ ಕೆರೆದುಕೊಳ್ಳುತ್ತಾ ಕುರಿಗಳ ಕಡೆ ಹೋದ.

ಚೌಡಯ್ಯ ಆಮೇಲೆ ಕರುಣೆ ತೋರಿಸಲಿಲ್ಲ. ವಾಪಸು ಬರುವಾಗ ಡಾಂಬರು ರಸ್ತೆ ಬಿಟ್ಟು ಕಲ್ಲು ಸಾಗಿಸುವ ಮಣ್ಣು ದಾರಿಗೆ ಗಾಡಿ ತಿರುಗಿಸಲು ಹೇಳಿದ. ಲೋಡಿಲ್ಲದ ಗಾಡಿ ಹುರಿಯುವ ಬಾಣಲೆಯ ಕಡಲೆಯಂತೆ ಕುಣಿಯಿತು. ಮೇಷ್ಟ್ರು ಐದು ಅಂದರು, ಐದೂಕಾಲು ಅಂದರು, ಆಮೇಲೆ ದೇವರ ಹೆಸರುಗಳನ್ನು ಮಾತ್ರ ಅಂದರು. ಕೊನೆಗೆ ಒಂದು ಹಳ್ಳದ ದಡದಲ್ಲಿ ಗಾಡಿಯ ಹಿಂದಿನ ಚಕ್ರ ಮೊಣಕಾಲುದ್ದದ ಗುಂಡಿಗೆ ಇಳಿದು ಎದ್ದಿತು. ಮೇಷ್ಟ್ರು ತೊಟ್ಟಿಯಿಂದ ಒಂದು ಗೇಣು ಮೇಲಕ್ಕೆ ಹೋಗಿ ಕೆಳಕ್ಕೆ ಬಂದರು.

"ಏಳು!" ಅಂತ ಚೀರಿದರು.

"ಏಳು! ಏಳು!" ಅಂತ ಚೌಡಯ್ಯ ಕುಣಿದಾಡಿದ. ತಿಮ್ಮರಾಜು ಹಾರನ್ ಬಾರಿಸುತ್ತಲೇ ಗಾಡಿ ಓಡಿಸಿದ. ರಾಜಲಕ್ಷ್ಮಮ್ಮ ಕೈಮುಗಿದು, "ಮಹಾಲಕ್ಷ್ಮಿ, ಊರು ಮುಟ್ಟೋಗಂಟ ಅದು ಇಳಿಯದಂಗೆ ನೋಡ್ಕೊಳವ್ವ" ಅಂತ ಬೇಡಿಕೊಂಡರು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮೇಷ್ಟ್ರನ್ನು ಇಬ್ಬರು ಹಿಡಿದು ಮಹಡಿ ಹತ್ತಿಸಿದರು. ರೇಣುಕಪ್ರಸಾದ್ ಏಳು ಅಂತ ಬರೆದುಕೊಂಡು, ಮೂರು ಪುಟದ ಒಪ್ಪಿಗೆ ಪತ್ರ ಮುಂದಿಟ್ಟ. "ಓದಿ ಸೈನ್ ಮಾಡಿ ಸಾ" ಅಂದ. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದದೆ ಪೆನ್ನು ಎತ್ತಬೇಡಿ ಅಂತ ಸಾವಿರಾರು ಮಕ್ಕಳ ಕಿವಿ ಹಿಂಡಿದ್ದ ಮೇಷ್ಟ್ರು, ಏಳರ ನೋವಿನಲ್ಲಿ ಒಂದು ಸಾಲೂ ಓದಲಾಗದೆ ಮೂರು ಕಡೆ ಸೈನ್ ಮಾಡಿದರು.

ಒರಗು ಕುರ್ಚಿಯ ಮೇಲೆ ಮಲಗಿಸಿ ತಲೆಗೆ ಟೋಪಿ ಹಾಕಿದರು. ಟೋಪಿಯೊಳಗೆ ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜು, ಅವುಗಳಿಂದ ಹೊರಟ ಎರಡು ವೈರು. "ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಿರಿ ಸಾರ್" ಅಂದು ಡಾಕ್ಟರು ದೀಪ ಆರಿಸಿದರು. ಫ್ಯಾನು ಸಣ್ಣಗೆ ತಿರುಗುತ್ತಿತ್ತು. ಮೇಷ್ಟ್ರಿಗೆ ನೆತ್ತಿ ಜುಮ್ಮೆಂದಿತು. ಆ ಜುಮ್ಮು ಕತ್ತಿನ ಹಿಂಭಾಗದಿಂದ ಇಳಿದು, ಬೆನ್ನಿನ ಮೇಲೆ ಹರಿದು, ಸೊಂಟದ ಹತ್ತಿರ ಒಂದು ಸುತ್ತು ಹಾಕಿ, ಕಾಲಿನ ಹೆಬ್ಬೆರಳಿನವರೆಗೂ ಹೋಯಿತು. ಎಂಟು ತಿಂಗಳಿಂದ ತಲೆಯೊಳಗೆ ಕೂಗುತ್ತಿದ್ದ ಮೈಕನ್ನು ಯಾರೋ ಆರಿಸಿದ ಹಾಗಾಯಿತು. ಮೇಷ್ಟ್ರು ಗೊರಕೆ ಹೊಡೆದರು.

ಎಬ್ಬಿಸಿದಾಗ ತಾವೇ ಎದ್ದು ನಿಂತರು. ಯಾರೂ ಹಿಡಿದುಕೊಳ್ಳಲಿಲ್ಲ. ಎಡಕ್ಕೆ ಬಾಗಿದರು, ಬಲಕ್ಕೆ ಬಾಗಿದರು.

"ಈಗೆಷ್ಟು ಸಾ?" ಅಂತ ರೇಣುಕಪ್ರಸಾದ್ ಕೇಳಿದ.

ಮೇಷ್ಟ್ರು ಮನಸ್ಸಿನಲ್ಲೇ ತೂಗಿ ನೋಡಿದರು. "ಎರಡು. ಪೂರ್ತಿ ಎರಡೇ ಕಣಯ್ಯ!"

ಮೆಟ್ಟಿಲಿಳಿದು ಬಂದವರೇ ಆಸ್ಪತ್ರೆಯ ವರಾಂಡದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಒಂದು ನಿಮಿಷವಾಯಿತು, ಎರಡಾಯಿತು, ಐದಾಯಿತು. ಮೇಷ್ಟ್ರು ಧಾರೆಯ ಚೊಂಬು ಹಿಡಿದವರಂತೆ ಕೈ ಮುಂದೆ ಚಾಚಿ ತೋರಿಸಿದರು. ರಾಜಲಕ್ಷ್ಮಮ್ಮನಿಗೆ ಅಳು ತಡೆಯಲಾಗಲಿಲ್ಲ. ಎಂಟು ತಿಂಗಳಲ್ಲಿ ಗಂಡನ ಮುಖದ ಮೇಲೆ ಇಂಥ ನಗು ಕಂಡಿರಲಿಲ್ಲ. ಚೌಡಯ್ಯ ಮಹಡಿಯ ಕಡೆ ತಿರುಗಿ ಟೋಪಿಗೆ ಕೈಮುಗಿದ. ತಿಮ್ಮರಾಜು ಓಡಿಹೋಗಿ ಎಲ್ಲರಿಗೂ ಮೈಸೂರುಪಾಕು ತಂದ. ಮೇಷ್ಟ್ರು ಕೂತಲ್ಲಿಂದಲೇ ಸಿರಾಕ್ಕೆ ಫೋನ್ ಹಚ್ಚಿದರು.

"ದಾಸಯ್ಯ, ಆ ಪಂಚೆ ಅಂಗಡಿಗೆ ವಾಪಸ್ ಕೊಟ್ಬಿಡಪ್ಪ. ಧಾರೆ ನಾನೇ ಎರೀತೀನಿ."

ಆಮೇಲೆ ಸೇರಿದ್ದ ಹತ್ತು ಜನಕ್ಕೆ ಕರೆಂಟಿನ ಅನುಭವ ಹೇಳಲು ಶುರು ಮಾಡಿದರು. ಕತ್ತಿನಲ್ಲಿ ಹೇಗೆ ಇಳಿಯಿತು, ಸೊಂಟದಲ್ಲಿ ಹೇಗೆ ಸುತ್ತಿತು ಅಂತ ಬೆರಳಲ್ಲಿ ಗೆರೆ ಎಳೆದು ತೋರಿಸುತ್ತಿರುವಾಗ ಡಾಕ್ಟರ್ ಸಹನಾ ಮನೆಗೆ ಹೊರಟು ಕೆಳಗೆ ಬಂದರು.

"ಸಾರ್, ನೆಲದ ಮೇಲೆ ಕೂತಿದೀರಾ! ತುಂಬ ಸಂತೋಷ. ಆದ್ರೆ ಯಾವ ಕರೆಂಟ್ ಬಗ್ಗೆ ಹೇಳ್ತಿದೀರಿ?"

"ನೀವು ಕೊಟ್ರಲ್ಲಮ್ಮ, ಅದೇ."

"ಇವತ್ತು ಕೊಟ್ಟಿಲ್ಲ ಸಾರ್. ಮೊದಲ ದಿನ ಟೋಪಿ ಸರಿಯಾಗಿ ಕೂರುತ್ತಾ ಅಂತ ನೋಡೋದು ಅಷ್ಟೇ. ಒಪ್ಪಿಗೆ ಪತ್ರದ ಮೊದಲ ಪುಟದಲ್ಲೇ ಇದೆ. ಮಶೀನು ಇನ್ನೂ ಪೆಟ್ಟಿಗೆಯಿಂದ ತೆಗೆದಿಲ್ಲ."

ವರಾಂಡದಲ್ಲಿ ಮೈಸೂರುಪಾಕು ಅಗಿಯುವ ಸದ್ದು ನಿಂತಿತು.

"ಮತ್ತೆ ನೆತ್ತಿ ಜುಮ್ಮಂದಿದ್ದು?"

"ಸ್ಪಂಜು ತಣ್ಣಗಿತ್ತು ಸಾರ್. ಕರೆಂಟ್ ಬರ್ತಿದೆ, ನೋವು ಹೋಗ್ತಿದೆ ಅಂತ ನೀವು ನಂಬಿದ್ರಿ. ನಿಮ್ಮ ಮೆದುಳು ತಾನೇ ಸೌಂಡ್ ಇಳಿಸಿತು. ಇದು ಬಹಳ ಒಳ್ಳೆ ಲಕ್ಷಣ. ಸೊಂಟ ಗಟ್ಟಿಯಾಗಿದೆ ಅಂತ ಗೊತ್ತಾಯ್ತಲ್ಲ!"

ಮೇಷ್ಟ್ರ ಮೆದುಳಿಗೆ ಈ ವಿವರಣೆ ಪೂರ್ತಿ ಅರ್ಥವಾಯಿತು. ಅರ್ಥವಾದ ಕೂಡಲೇ ಅದು ಮತ್ತೆ ಮೈಕ್ ಕೈಗೆತ್ತಿಕೊಂಡಿತು. ಮೂರು, ನಾಲ್ಕು, ಐದು ಅಂತ ನೋವು ಮೆಟ್ಟಿಲು ಹತ್ತಿದ್ದು ಮೇಷ್ಟ್ರಿಗೆ ಒಂದೊಂದಾಗಿ ಲೆಕ್ಕಕ್ಕೆ ಸಿಕ್ಕಿತು.

"ಯಾಕಮ್ಮ ಹೇಳಿದ್ರಿ?" ಅಂತ ಅವರು ನರಳಿದರು. "ಹೇಳದೆ ಇದ್ದಿದ್ರೆ ಮದುವೆ ಮುಗಿಯೋವರೆಗೆ ಚೆನ್ನಾಗಿರ್ತಿದ್ದೆನಲ್ಲ!"

ಚಕ್ಕಳಮಕ್ಕಳ ಬಿಚ್ಚಲು ಇಬ್ಬರು ಬೇಕಾಯಿತು, ಎಬ್ಬಿಸಿ ನಿಲ್ಲಿಸಲು ಇನ್ನಿಬ್ಬರು. ರಾಜಲಕ್ಷ್ಮಮ್ಮ ಮಾತ್ರ ಅಷ್ಟು ಹೆದರಲಿಲ್ಲ. "ಕರೆಂಟಿಲ್ದೇ ಐದು ನಿಮಿಷ ಕೂತ್ರಿ. ಕರೆಂಟ್ ಬಂದ್ರೆ ಒಂದೂವರೆ ಗಂಟೆ ಕೂರಕಾಗಲ್ವಾ? ಬುಡಿ, ನಂಗೆ ಧೈರ್ಯ ಬಂತು" ಅಂದು ಗಂಡನ ಬೆನ್ನಿಗೆ ಕೈಯಿಟ್ಟರು.

"ಖಂಡಿತ ಪ್ರಯತ್ನ ಮಾಡೋಣಮ್ಮ" ಅಂದರು ಡಾಕ್ಟರು. "ನಾಳೆ ಒಂಬತ್ತಕ್ಕೆ ನಿಜವಾದ ಕರೆಂಟ್ ಶುರು. ಒಂದೇ ಒಂದು ಷರತ್ತು. ಟೋಪಿ ಹಾಕೋ ಮುಂಚೆ ನೋವು ಆರು ಇರ್ಲೇಬೇಕು. ದಿನಾ ನೋಡ್ತೀವಿ, ಹತ್ತು ದಿನ."

"ಈಗೆಷ್ಟು ಮೇಷ್ಟ್ರೇ?" ಅಂತ ಚೌಡಯ್ಯ ಕೇಳಿದ.

ಮೇಷ್ಟ್ರು ಸೊಂಟ ಮುಟ್ಟಿ ನೋಡಿಕೊಂಡರು. "ಐದೂವರೆ."

ಎಲ್ಲರೂ ಲಗೇಜ್ ಆಟೋ ಕಡೆ ನೋಡಿದರು. "ಬೆಳಗ್ಗೆ ಆರಕ್ಕೇ ಹೊಂಟ್ರೆ ಕಲ್ಲು ದಾರೀಲಿ ಎರಡು ಟ್ರಿಪ್ ಹೊಡೀಬಹುದು. ಈ ಸಲ ಟೀ ಬ್ಯಾಡ" ಅಂದ ತಿಮ್ಮರಾಜು. ಹತ್ತು ದಿನ, ದಿನಕ್ಕೆರಡು ಟ್ರಿಪ್ ಅಂದರೆ ಇಪ್ಪತ್ತು ಅಂತ ಮೇಷ್ಟ್ರ ತಲೆ ಬೇಡವೆಂದರೂ ಗುಣಿಸಿತು. ಯಾರಿಗೂ ಕೇಳದ ಹಾಗೆ ರೇಣುಕಪ್ರಸಾದನನ್ನು ಕಂಬದ ಮರೆಗೆ ಕರೆದರು. ಮೂವತ್ತಮೂರು ವರ್ಷ ಬೇರೆಯವರ ಬಾಯಿಂದ ಮಾತ್ರ ಕೇಳಿದ್ದ ಮಾತು ಅವರ ಬಾಯಿಂದ ಹೊರಬಿತ್ತು.

"ರೇಣುಕಪ್ರಸಾದು, ನೋಡಪ್ಪ, ಅರ್ಧ ಬಂದ್ರೆ ಮೇಲಕ್ಕೇರಿಸೋ ಪದ್ಧತೀನೂ ಉಂಟು. ಗಣಿತದಲ್ಲಿ ಅದಕ್ಕೂ ಒಪ್ಪಿಗೆ ಇದೆ. ನಾಳೆ ನೀನು..."

ರೇಣುಕಪ್ರಸಾದನಿಗೆ ನಿಜವಾಗಿಯೂ ಪಾಪ ಅನ್ನಿಸಿತು. "ಬೆಳಗ್ಗೆ ಹೇಳಿದ್ರೆ ಕಣ್ಮುಚ್ಕೊಂಡು ಹಾಕ್ತಿದ್ದೆ ಸಾ. ಆದ್ರೆ ನೀವು ಅಷ್ಟು ಚೆನ್ನಾಗಿ ವಿವರ್ಸಿದ್ರಲ್ಲ, ಡಾಕ್ಟ್ರು ಅದನ್ನ ಬೆಂಗ್ಳೂರಿಗೆ ಬರ್ದು ಕಳಿಸಿದ್ರು. ಮಧ್ಯಾಹ್ನವೇ ಆರ್ಡ್ರು ಬಂತು. ಇನ್ಮೇಲೆ ಎಲ್ಲಾ ಊರಲ್ಲೂ ಅರ್ಧ ಬಂದ್ರೆ ಕೆಳಕ್ಕೇ ಇಳಿಸ್ಬೇಕು."

ಮೇಷ್ಟ್ರು ನಿಧಾನವಾಗಿ ಹೆಜ್ಜೆ ಹಾಕುತ್ತಾ ಆಟೋ ಹತ್ತಿರ ಹೋದರು.

"ತಿಮ್ಮರಾಜು," ಅಂದರು, "ಬೆಳಗ್ಗೆ ಆರಕ್ಕೆ ಅಂದ್ಯಾ, ಐದೂವರೆಗೇ ಹೊರಡೋಣ್ವಾ?"